ಹುಳದ ಮನೆ ಬಾಗಿಲ ಎರಡನೇ ಬೋಗುಣಿ

ಮದುವೆಯಾದ ಹೊಸದರಲ್ಲಿ ದೇವರ ಕೋಣೆಗೆ, ಅಡಿಗೆಮನೆಗೆ, ಕೊನೆಗೆ ಬೀರುವಿನ ಬೀಗದ ಕೈಗೂ ನನ್ನನ್ನು ಸೇರಿಸಿಕೊಂಡರು. ಹುಳದ ಮನೆಗೆ ಮಾತ್ರ ಸೇರಿಸಿಕೊಳ್ಳಲಿಲ್ಲ. ನಾನು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆಯವಳು. ನಮ್ಮ ತವರಿನಲ್ಲಿ ಮುಸುಕಿನ ಜೋಳ, ಕಡಲೆಕಾಯಿ ಬೆಳೆಯುತ್ತಾರೆ. ಅವುಗಳ ಮುಂದೆ ಯಾರು ಹೇಗೆ ಓಡಾಡಿದರೂ ಅವು ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನನ್ನು ಕೊಟ್ಟಿದ್ದು ಚಿಂತಾಮಣಿ ತಾಲ್ಲೂಕಿಗೆ, ಕೆಂಚಾರ್ಲಹಳ್ಳಿಯ ಹತ್ತಿರದ ಊರಿಗೆ, ರೇಷ್ಮೆ ಸಾಕುವ ಮನೆಗೆ. ಅಲ್ಲಿ ಹುಳಗಳಿಗೆ ಬೇಜಾರಾಗದಂತೆ ನೋಡಿಕೊಳ್ಳುವುದೇ ಕೆಲಸ.

ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬೋಗುಣಿ ಇರುತ್ತದೆ. ಅದರಲ್ಲಿ ಕೈ ತೊಳೆಯಬೇಕು. ಅದೇ ನೀರಿನಲ್ಲಿ ನೆನೆಸಿದ ಗೋಣಿಚೀಲದ ಮೇಲೆ ಕಾಲಿಟ್ಟು, ಒಳಗಿನ ಚಪ್ಪಲಿ ಹಾಕಿಕೊಂಡು ಹೋಗಬೇಕು. ಬೀಡಿ ಸೇದಿದವರು ಬರಬಾರದು, ಹೊಲಕ್ಕೆ ಔಷಧಿ ಹೊಡೆದವರು ಬರಬಾರದು, ಬೇರೆಯವರ ಹುಳದ ಮನೆಗೆ ಹೋಗಿ ಬಂದವರಂತೂ ಆ ಕಡೆ ತಿರುಗಿಯೂ ನೋಡಬಾರದು. ಈ ಕಾನೂನುಗಳನ್ನೆಲ್ಲ ನಡೆಸುತ್ತಿದ್ದವರು ನಮ್ಮ ಅತ್ತೆ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು. ಕೈ ತೊಳೆಯುವುದು ಹೇಗೆ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ, ಅದಕ್ಕೆ ಗೋಡೆಯ ಮೇಲೆ ಚಿತ್ರಪಟವೂ ಇದೆ. ಆ ಅನುಭವವನ್ನು ಅತ್ತೆ ಗಣನೆಗೆ ತೆಗೆದುಕೊಳ್ಳಲಿಲ್ಲ.

ನನ್ನ ತೊಂದರೆ ಪೌಡರ್. ಶಾಲೆಗೆ ಹೋಗುವಾಗ ಮುಖಕ್ಕೆ ಹಾಕಿಕೊಂಡು ಹೋಗುತ್ತೇನೆ. ಹುಳಕ್ಕೆ ಅದರ ವಾಸನೆ ಆಗುವುದಿಲ್ಲ. ಸಂಜೆ ಬಂದು ಎಷ್ಟು ಉಜ್ಜಿ ತೊಳೆದರೂ ಅತ್ತೆ ಅಂಗಳದ ಆ ತುದಿಯಿಂದಲೇ ನೋಡಿ, "ಪೌಡ್ರು ಐತೆ. ಒಳಕ್ಕೋಗ್ಬೇಡ" ಎನ್ನುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ನಿಜವಾಗಿಯೂ ಕೂದಲಂಚಿನಲ್ಲೋ ಕತ್ತಿನ ಮಡಿಕೆಯಲ್ಲೋ ಒಂದು ಚೂರು ಉಳಿದಿರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಮತ್ತೆ ಹೋಗಿ ತೊಳೆದುಕೊಂಡು ಬರುತ್ತಿದ್ದೆ.

ಇಷ್ಟನ್ನೂ ಅವರು ನೋಡುತ್ತಿದ್ದುದು ಒಂದೇ ಕಣ್ಣಿನಲ್ಲಿ. ಚಿಕ್ಕವರಿದ್ದಾಗ ಹಿಪ್ಪುನೇರಳೆ ಕಡ್ಡಿ ಬಡಿದು ಎಡಗಣ್ಣು ಹೋಗಿತ್ತು. ಅದಕ್ಕೆ ಹಗಲು ಯಾವುದು ರಾತ್ರಿ ಯಾವುದು ಎನ್ನುವುದು ಮಾತ್ರ ಗೊತ್ತಾಗುತ್ತಿತ್ತು. ಹುಳ, ಸೊಪ್ಪು, ಮನೆ, ಮಗ, ನನ್ನ ಪೌಡರ್ ಎಲ್ಲದರ ಉಸ್ತುವಾರಿ ಬಲಗಣ್ಣಿನದು.

ಆ ಬಲಗಣ್ಣಿಗೆ ಪೊರೆ ಬಂತು. ಬಂದಿದ್ದು ನಮಗೆ ಗೊತ್ತಾಗಿದ್ದು ಗೂಡಿನಿಂದ. ರೇಷ್ಮೆ ಹುಳ ತಿನ್ನುವುದು ಮುಗಿಸಿ ಗೂಡು ಕಟ್ಟಲು ಸಿದ್ಧವಾದಾಗ ಅದನ್ನು ಹಣ್ಣು ಹುಳ ಅನ್ನುತ್ತಾರೆ. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗಿಂದ ಬೆಳಕು ಹಾಯುತ್ತದೆ. ಅಂಥವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಬೇಗ ಬಿಟ್ಟರೂ ಕೆಟ್ಟಿತು, ತಡ ಮಾಡಿದರೂ ಕೆಟ್ಟಿತು. ಆ ಸಲ ಅತ್ತೆ ಎಲ್ಲ ಹುಳವೂ ಹಣ್ಣಾಗಿದೆ ಎಂದು ಎತ್ತಿಸಿಬಿಟ್ಟರು. ಪೊರೆ ಬಂದ ಕಣ್ಣಿಗೆ ಲೋಕವೇ ಹಳದಿ, ಹುಳಗಳು ಪಾಪ ಹೇಗೆ ಬೇರೆ ಬಣ್ಣದಲ್ಲಿ ಕಂಡಾವು. ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬಂತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ವಾಪಸು ಬಂದ ನನ್ನ ಗಂಡ ಸಿಕ್ಕಷ್ಟು ದುಡ್ಡನ್ನು ಅತ್ತೆಯ ಕೈಗಿಟ್ಟು ಊಟಕ್ಕೆ ಕೂತರು. ಅತ್ತೆಗೆ ಅಷ್ಟು ಸಾಕಾಯಿತು. ಆಪರೇಷನ್‌ಗೆ ಒಪ್ಪಿದರು.

ಎರಡು ಬೆಳೆಗಳ ನಡುವೆ ಆಪರೇಷನ್ ಎಂದು ಲೆಕ್ಕ ಹಾಕಿದ್ದೆವು. ಆದರೆ ಮರಿ ಹುಳ ಸಾಕಿ ಕೊಡುವ ಚಾಕಿ ಕೇಂದ್ರದವರು ಹೇಳಿದ್ದಕ್ಕಿಂತ ಮುಂಚೆಯೇ ಹುಳ ತಂದು ಇಳಿಸಿದರು. ಆಸ್ಪತ್ರೆಯ ದಿನಾಂಕ ಹೋದರೆ ಮತ್ತೆ ಸಿಗುವುದಿಲ್ಲ ಎಂದು ನಾನು, ಹುಳ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂದು ಅತ್ತೆ. ಕೊನೆಗೆ ಎರಡೂ ನಡೆಯಲಿ ಎಂದಾಯಿತು. ಚಿಕ್ಕಬಳ್ಳಾಪುರದ ಕಡೆಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆದರು. ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನನ್ನನ್ನು ನೋಡಿದರು. "ಏನಮ್ಮ, ಇಷ್ಟು ಸೊರಗಿದೀಯ" ಎಂದರು. ಆಮೇಲೆ ಮನೆಗೆ ಬಂದು ಗೋಡೆ ನೋಡಿ, ಸುಣ್ಣ ಬಳಿಸಿ ಎಷ್ಟು ವರ್ಷವಾಯಿತು ಎಂದು ಮಗನನ್ನು ವಿಚಾರಿಸಿದರು.

ಆಸ್ಪತ್ರೆಯವರು ಹೇಳಿ ಕಳಿಸಿದ್ದರು: ಕಣ್ಣು ಉಜ್ಜಬಾರದು, ನೀರು ತಾಕಿಸಬಾರದು, ದೂಳಿಗೆ ಹೋಗಬಾರದು, ಸೋಪಿನಲ್ಲಿ ಕೈ ತೊಳೆದೇ ಹನಿ ಹಾಕಬೇಕು, ಕಪ್ಪು ಕನ್ನಡಕ ತೆಗೆಯಬಾರದು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದ್ದರು. ನಾನು ಶಾಲೆಗೆ, ಗಂಡ ತೋಟಕ್ಕೆ ಹೋದ ಮೇಲೆ ಹುಳದ ಮನೆಗೆ ಹೋಗುತ್ತಿದ್ದರು ಎನ್ನುವುದು ನಮಗೆ ಗೊತ್ತಾಗಿದ್ದು ಆಮೇಲೆ. ಅದನ್ನು ಅವರು ತಪ್ಪೆಂದುಕೊಂಡಿರಲಿಲ್ಲ, ಏಕೆಂದರೆ ಹೋಗುವ ಮುಂಚೆ ಚೆನ್ನಾಗಿ ಕೈ ತೊಳೆಯುತ್ತಿದ್ದರು. ಒಳಗೆ ಹೋಗಿ ಕಪ್ಪು ಕನ್ನಡಕ ತೆಗೆಯುತ್ತಿದ್ದರು. ಅದರಲ್ಲಿ ನೋಡಿದರೆ ರೋಗದ ಹುಳವೂ ಒಂದೇ, ಆರೋಗ್ಯದ ಹುಳವೂ ಒಂದೇ ಎನ್ನುವುದು ಅವರ ದೂರು. ಹುಳದ ಹಾಸಿಗೆಗೆ ಸುಣ್ಣ ಉದುರಿಸುತ್ತಿದ್ದರು, ಕಸ ಬದಲಿಸುತ್ತಿದ್ದರು, ಕಣ್ಣಲ್ಲಿ ನೀರು ಬಂದರೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಹನಿ ಹಾಕುವ ಹೊತ್ತಾದರೆ ಹೊರಗೆ ಬಂದು ಜಗಲಿಯಲ್ಲಿ ಕೂತು ಅದೇ ಕೈಯಲ್ಲಿ ರೆಪ್ಪೆ ಬಿಡಿಸಿ ಹಾಕಿಕೊಳ್ಳುತ್ತಿದ್ದರು. ನಮ್ಮ ಮನೆಯ ಕಾನೂನೆಲ್ಲ ಹುಳವನ್ನು ನಮ್ಮಿಂದ ಕಾಪಾಡುವುದಕ್ಕೆ ಮಾಡಿದ್ದು. ಒಳಗೆ ಹೋಗುವಾಗ ಕೈ ತೊಳೆಯಬೇಕು. ಹೊರಗೆ ಬರುವಾಗ ತೊಳೆಯಬೇಕೆಂದು ಯಾರೂ ಯಾವತ್ತೂ ಹೇಳಿರಲಿಲ್ಲ.

ಸುಮಾರು ವಾರ ಕಳೆಯುವ ಹೊತ್ತಿಗೆ ಒಂದು ವಿಚಿತ್ರ ಕಂಡಿತು. ಬೈದುಕೊಂಡು ಹಾಕುತ್ತಿದ್ದ ಕಪ್ಪು ಕನ್ನಡಕವನ್ನು ಅತ್ತೆ ಸಂಜೆಯಾದರೂ ತೆಗೆದಿರಲಿಲ್ಲ. ಅವತ್ತು ನನ್ನ ಮುಖದಲ್ಲಿ ಬೇಕಾದಷ್ಟು ಪೌಡರ್ ಇತ್ತು, ಅವರು ಏನೂ ಅನ್ನಲಿಲ್ಲ. ನನ್ನೆದುರಿಗೇ ಹುಳದ ಮನೆಗೆ ನುಗ್ಗಿ, ಸೊಪ್ಪಿನ ಕಟ್ಟು ಎತ್ತಿ ಹುಳಗಳ ಮೇಲೆ ಹರವಲು ಹೋಗಿ ಅರ್ಧ ನೆಲದ ಮೇಲೆ ಹಾಕಿದರು. ನಾನು ಅವರನ್ನು ಹೊರಗೆ ಕರೆದು ಕನ್ನಡಕ ತೆಗೆದೆ. ಕಣ್ಣು ಕೆಂಪಗಾಗಿತ್ತು, ರೆಪ್ಪೆ ಊದಿತ್ತು. ಕರಿಗುಡ್ಡೆಯ ತಳದಲ್ಲಿ, ಉಗುರಿನ ಬುಡದಲ್ಲಿರುತ್ತದಲ್ಲ, ಅಂಥದೊಂದು ಬಿಳಿ ಗೆರೆ ನಿಂತಿತ್ತು.

"ನೋಯ್ತಾ ಇದೆಯಾ ಅತ್ತೆ?"

"ಏಂ ಕಾದು" ಎಂದರು. ಏನೂ ಆಗಲ್ಲ ಎಂದು ತೆಲುಗಿನಲ್ಲಿ. ನಮ್ಮ ಅತ್ತೆ ಧೈರ್ಯ ಹೇಳುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. "ಬೆಳಿಗ್ಗೆಯಿಂದ ಒಂಚೂರು ಸೆಳೀತೈತೆ."

"ನಾನು ಕಾಣ್ತೀನಾ?"

"ನೀನು ಅಂತ ಗೊತ್ತಾಯ್ತದೆ."

"ಮುಖ ಕಾಣುತ್ತಾ?"

"ಮಾತು ಕೇಳಿಸ್ತಲ್ಲ, ಮುಖ ಯಾಕೆ?"

ನಾಳೆ ಬೆಳಗಾಗುವವರೆಗೂ ಕಾಯುವುದು ಬೇಡ, ಈಗಲೇ ಆಸ್ಪತ್ರೆಗೆ ಹೋಗೋಣ ಎಂದೆ. ಅತ್ತೆಯ ಬಳಿ ಬೇರೆ ಯೋಜನೆ ತಯಾರಿತ್ತು. ಹುಳ ನಾಲ್ಕನೇ ಜ್ವರದಿಂದ ಎದ್ದಿವೆ (ಹುಳ ಪೊರೆ ಬಿಡುವುದನ್ನು ಇಲ್ಲಿ ಜ್ವರ ಅನ್ನುತ್ತಾರೆ), ಇನ್ನು ಹಣ್ಣಾಗುವುದೊಂದೇ ಬಾಕಿ. ಹಣ್ಣು ಹುಳ ಎತ್ತಿ, ಗೂಡು ಬಿಡಿಸಿ, ಶಿಡ್ಲಘಟ್ಟಕ್ಕೆ ಗೂಡು ಹೋಗುವ ದಿನ ಅದೇ ಗಾಡಿಯಲ್ಲಿ ತಾವೂ ಕೂತು, ಗೂಡು ಇಳಿಸಿ, ಮುಂದೆ ಚಿಕ್ಕಬಳ್ಳಾಪುರಕ್ಕೆ ಹೋಗುವುದು. ದಾರಿ ಒಂದೇ, ಎರಡು ಸಲ ಯಾಕೆ ಹೋಗಬೇಕು ಎಂದು ಕೇಳಿದರು. ಗಂಡನಿಗೆ ಇದು ಸರಿ ಎನಿಸಿದ ಹಾಗೆ ಕಂಡಿತು. ನಾನು ಅವರ ಕಡೆ ನೋಡಿದೆ. ಆಮೇಲೆ ಹಾಗೆ ಕಾಣಲಿಲ್ಲ.

"ಅತ್ತೆ, ಹುಳದಲ್ಲಿ ಒಂದಕ್ಕೆ ಸಪ್ಪೆ ರೋಗ ಬಂದ್ರೆ ಗೂಡು ಕಟ್ಟೋವರೆಗೂ ಅದನ್ನ ಅಲ್ಲೇ ಬಿಟ್ಟಿರ್ತೀರಾ?"

"ಯಾವ ಮುಠ್ಠಾಳ ಬಿಡ್ತಾನೆ?"

"ನೀವು ಬಿಡ್ತಿದೀರ."

ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಹೋಗಿ ಒಳ್ಳೆಯ ಸೀರೆ ಹುಡುಕತೊಡಗಿದರು. ಅದು ಅವರ ಕೈಗೆ ಸಿಕ್ಕಲಿಲ್ಲ. ನಾನೇ ತೆಗೆದುಕೊಟ್ಟೆ.

ಬಾಡಿಗೆ ಕಾರಿನಲ್ಲಿ ಅವರು ಕಣ್ಣು ಮುಚ್ಚಿ ಒರಗಿದ್ದರು. ದಾರಿಯಲ್ಲಿ ಒಂದು ಕಡೆ ಮೂಗು ಅರಳಿಸಿ, "ಶಿಡ್ಲಘಟ್ಟ ಬಂತಾ?" ಎಂದರು. ಬಂದಿತ್ತು. ಗೂಡು ಬೇಯಿಸಿ ನೂಲು ತೆಗೆಯುವ ಊರಿನ ವಾಸನೆ ಎಂಥವರನ್ನೂ ಎಬ್ಬಿಸುತ್ತದೆ. "ಮೂಗು ಚೆನ್ನಾಗೈತೆ" ಎಂದು ಅವರೇ ಹೇಳಿಕೊಂಡರು. ಇನ್ನು ಉಳಿಯುವುದು ಮೂಗೊಂದೇ ಎಂದು ಅವರು ಆಗಲೇ ತಯಾರಾಗುತ್ತಿದ್ದಾರೆ ಎಂದು ನನಗೆ ಅನಿಸಿತು.

ಆಸ್ಪತ್ರೆಯಲ್ಲಿ ಆವತ್ತು ರೆಟಿನಾ ಡಾಕ್ಟರು ಇದ್ದರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ. ಎಷ್ಟು ಬೆರಳು ಎಂದು ಕೇಳಿದರು, ಅತ್ತೆಗೆ ಬೆರಳು ಕಾಣಲಿಲ್ಲ. ಮುಖದ ಮುಂದೆ ಕೈ ಆಡಿಸಿದರು.

"ಏನೋ ಆಡ್ತೈತೆ" ಎಂದರು ಅತ್ತೆ.

ಡಾಕ್ಟರಮ್ಮ ಉಸಿರು ಬಿಟ್ಟ ಹಾಗಿತ್ತು. ಕಣ್ಣಿನ ಸ್ಕ್ಯಾನ್ ಮಾಡಿಸಿ ನೋಡಿ, ನಮ್ಮನ್ನು ಕೂರಿಸಿ ಹೇಳಿದರು. ಸೋಂಕು ಕಣ್ಣಿನ ಮೇಲಲ್ಲ, ಒಳಗೆ. ಕಣ್ಣಿನೊಳಗೆ ತುಂಬಿಕೊಂಡಿರುವ ಲೋಳೆಯಂಥ ಪದಾರ್ಥದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿವೆ. ಬಿಟ್ಟರೆ ದಿನಗಳಲ್ಲ, ಗಂಟೆಗಳ ಲೆಕ್ಕದಲ್ಲಿ ಕಣ್ಣು ಹಾಳಾಗುತ್ತದೆ.

"ಒಳ್ಳೆ ಪವರ್ ಇರೋ ಮಾತ್ರೆ ಕೊಡಿ ಮೇಡಂ" ಎಂದರು ನನ್ನ ಗಂಡ.

"ಮಾತ್ರೆ ರಕ್ತಕ್ಕೆ ಹೋಗುತ್ತೆ. ರಕ್ತದಲ್ಲಿರೋದನ್ನೆಲ್ಲ ಕಣ್ಣು ಒಳಗೆ ಬಿಟ್ಟುಕೊಳ್ಳಲ್ಲ. ಬೇಕಾದಷ್ಟು ಔಷಧಿ ಅಲ್ಲಿಗೆ ಮುಟ್ಟಲ್ಲ. ಆಂಟಿಬಯಾಟಿಕ್ ಇಂಜೆಕ್ಷನ್ ಅಲ್ಲಿಗೇ ಕೊಡಬೇಕು."

"ಅಲ್ಲಿಗೇ ಅಂದ್ರೆ?"

"ಕಣ್ಣೊಳಗೇ."

ಗಂಡ ಎದ್ದು ನೀರು ಕುಡಿದು ಬರುತ್ತೇನೆ ಎಂದು ಹೋದವರು ಬೇಗ ಬರಲಿಲ್ಲ. ಅತ್ತೆ ಮಾತ್ರ ತಕ್ಷಣ ಅರ್ಥ ಮಾಡಿಕೊಂಡರು. "ಬಾಗಿಲಲ್ಲಿ ತಡೀತದೆ ಅನ್ನಿ. ಒಳ್ಳೇದೇ. ಆದ್ರೆ ಕಳ್ಳ ಒಳಗೆ ಸೇರ್ಕೊಂಡ್ಮೇಲೆ ತಡೆದು ಏನು ಪ್ರಯೋಜನ" ಎಂದರು. ಡಾಕ್ಟರು ಹೌದೆಂದರು. ಇನ್ನೂ ಕೈ ಆಡುವುದು ಕಾಣುತ್ತಿರುವುದರಿಂದ ಮೊದಲು ಇಂಜೆಕ್ಷನ್. ಅದಕ್ಕೆ ಬಗ್ಗದಿದ್ದರೆ ಆಪರೇಷನ್ ಮಾಡಿ ಒಳಗಿನ ಕೀವೆಲ್ಲ ತೆಗೆಯಬೇಕು. ದೃಷ್ಟಿ ಎಷ್ಟು ವಾಪಸು ಬರುತ್ತದೆ ಎಂದು ಈಗ ಹೇಳಲಾಗುವುದಿಲ್ಲ.

"ಇನ್ನೊಂದು ಕಣ್ಣು ಹೇಗಿದೆ ಅಜ್ಜಿ?"

"ಅದು ಲೆಕ್ಕಕ್ಕಿಲ್ಲಮ್ಮ."

ಡಾಕ್ಟರಮ್ಮ ಟಾರ್ಚಿನ ಬೆಳಕು ಬಿಟ್ಟು ಎಡಗಣ್ಣನ್ನು ನೋಡಿದರು. ಆಮೇಲೆ ಅವರ ಕೆಲಸ ಬಹಳ ಚುರುಕಾಯಿತು.

ಇಂಜೆಕ್ಷನ್ ಕೊಟ್ಟಿದ್ದನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇರಲಿಲ್ಲ. ಅತ್ತೆ ಹೇಳಿದ್ದು: ಕಣ್ಣು ಮರಗಟ್ಟಿಸಿ, ಒಳಗಿನಿಂದ ಪರೀಕ್ಷೆಗೆಂದು ಒಂದು ಹನಿ ಎಳೆದರು, ಆಮೇಲೆ ಎರಡು ಥರದ ಔಷಧಿಯನ್ನು ಬೇರೆ ಬೇರೆ ಸಿರಿಂಜಿನಲ್ಲಿ ಹಾಕಿದರು. ಕಣ್ಣೊಳಗೆ ನೀರಿಗೆ ಎಣ್ಣೆ ಬಿಟ್ಟ ಹಾಗೆ ಸುತ್ತಿ ಸುತ್ತಿ ಹೋಯಿತು. ನೋವಿಗಿಂತ ಹೆಚ್ಚಾಗಿ ಅವರಿಗೆ ಬೇಜಾರಾಗಿದ್ದು ಔಷಧಿಯ ಪ್ರಮಾಣಕ್ಕೆ. "ಇಷ್ಟು ದೊಡ್ಡ ಆಸ್ಪತ್ರೆ, ಒಂದು ಹನಿಯಷ್ಟೂ ಹಾಕ್ಲಿಲ್ಲ" ಎಂದರು. ಕಣ್ಣಿನೊಳಗೆ ಜಾಗ ಅಷ್ಟೇ ಇರುವುದು ಎಂದು ನಾನು ಹೇಳಿದೆ. ಅವರು ನಂಬಲಿಲ್ಲ.

ಅದಾದ ಮೇಲೆ ಗಂಟೆಗೊಂದು ಸಲ ಹನಿ. ಅಂಗಡಿಯಲ್ಲಿ ಸಿಗುವುದಲ್ಲ, ಆಸ್ಪತ್ರೆಯಲ್ಲೇ ಔಷಧಿ ಹೆಚ್ಚಿಗೆ ಬೆರೆಸಿ ಫ್ರಿಜ್ಜಿನಲ್ಲಿ ಇಡುವಂಥದು. ಗಂಡ ಹುಳ ನೋಡಿಕೊಳ್ಳಲು ಊರಿಗೆ ಹೋದರು, ನಾನು ಶಾಲೆಗೆ ರಜೆ ಹಾಕಿ ಉಳಿದೆ. ಪ್ರತಿ ಸಲವೂ ಚಿತ್ರಪಟದಲ್ಲಿರುವ ಹಾಗೆ, ಬೆರಳ ಸಂದಿಯನ್ನೂ ಬಿಡದೆ ಕೈ ತೊಳೆಯುತ್ತಿದ್ದೆ. ಅತ್ತೆ ನಲ್ಲಿಯ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಒಮ್ಮೆ ಬೇಗ ನಿಲ್ಲಿಸಿದೆ ಎಂದು ವಾಪಸು ಕಳಿಸಿದರು.

ಎರಡು ದಿನವಾದರೂ ಬಿಳಿ ಗೆರೆ ಇಳಿಯಲಿಲ್ಲ. ಪರೀಕ್ಷೆಯ ವರದಿ ಬಂತು. ನಮ್ಮ ಚರ್ಮದ ಮೇಲೆ, ರೆಪ್ಪೆಯ ಮೇಲೆ ಸದಾ ಇರುವ ಬ್ಯಾಕ್ಟೀರಿಯಾವೇ ಅಂತೆ. ಹೊರಗಿದ್ದರೆ ಏನೂ ಮಾಡುವುದಿಲ್ಲ, ಒಳಗೆ ಹೋಗಬಾರದಿತ್ತು. ಕೊಟ್ಟ ಔಷಧಿಗೆ ಅದು ಬಗ್ಗುತ್ತದೆ ಎಂದೂ ವರದಿಯಲ್ಲಿತ್ತು. ಹುಳದ ಮನೆಯಿಂದ ಬಂತೇ ಎಂದು ನಾನು ಕೇಳಿದೆ. "ಆಪರೇಷನ್ ದಿನವೇ ಹೋಗಿರಬಹುದು, ಆಮೇಲೆ ಹೋಗಿರಬಹುದು. ಎಲ್ಲಿಂದ ಅಂತ ಯಾರೂ ಹೇಳೋಕಾಗಲ್ಲ" ಎಂದರು ಡಾಕ್ಟರು. ಬೈಯುವುದಕ್ಕೆ ಯಾರಾದರೂ ಒಬ್ಬರು ಬೇಕಿತ್ತು ನನಗೆ. ಸಿಕ್ಕಲಿಲ್ಲ. ಎರಡನೇ ಸಲ ಇಂಜೆಕ್ಷನ್‌ಗೆ ಒಳಗೆ ಕರೆದುಕೊಂಡು ಹೋಗುವಾಗ ಅತ್ತೆ "ಏಂ ಕಾದು" ಎನ್ನಲಿಲ್ಲ. ನನ್ನ ಕೈಯನ್ನು ಬಾಗಿಲವರೆಗೂ ಬಿಡಲಿಲ್ಲ. ಆಮೇಲೆ ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಸರದಿ ಬಂದಾಗ ಚೀಟಿಯ ಬದಲು ಅತ್ತೆಯ ಕಪ್ಪು ಕನ್ನಡಕ ಕೊಟ್ಟೆ. ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಇದೆ ಎನ್ನುವುದು ಅಲ್ಲಿಯವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಈ ನಡುವೆ ಊರಲ್ಲಿ ಹುಳ ಹಣ್ಣಾಗತೊಡಗಿದವು. ಗಂಡ ಫೋನ್ ಮಾಡಿದರು. ನಾನು ಸ್ಪೀಕರ್ ಹಾಕಿ ಅತ್ತೆಯ ಮುಂದೆ ಹಿಡಿದೆ.

"ಕಿಟಕಿ ಬೆಳಕಿಗೆ ಹಿಡ್ಕೊ. ಕತ್ತಿನ ಹತ್ರ ನೋಡು. ಬೆಳಕು ಹಾಯ್ತದಾ?"

"ಸ್ವಲ್ಪ ಹಾಯ್ತದಮ್ಮ."

"ಸ್ವಲ್ಪ ಅಂದ್ರೆ ಇಲ್ಲ. ನಾಳೆ ನೋಡು."

ಫೋನ್ ಇಡುವ ಹೊತ್ತಿಗೆ ಡಾಕ್ಟರು ಟಾರ್ಚು ಹಿಡಿದು ಬಂದರು. "ಬೆಳಕು ಯಾವ ಕಡೆಯಿಂದ ಬರ್ತಿದೆ ಅಜ್ಜಿ? ನೆನ್ನೆಗಿಂತ ಚೆನ್ನಾಗಿ ಕಾಣ್ತಿದೆಯಾ?"

"ಸ್ವಲ್ಪ" ಎಂದರು ಅತ್ತೆ. ಆಮೇಲೆ ತಾವೇ ಯೋಚಿಸಿ, "ಸ್ವಲ್ಪ ಅಂದ್ರೆ ಹೌದು ಅಂತ್ಲೇ ಬರ್ಕೊಳಮ್ಮ" ಎಂದರು.

ಅದು ಹೌದೇ ಆಗಿತ್ತು. ಮರುದಿನ ಬಿಳಿ ಗೆರೆ ಸಣ್ಣದಾಯಿತು, ಅದರ ಮರುದಿನ ಇನ್ನೂ ಸಣ್ಣದಾಯಿತು. ಮೊದಲು ಬೆರಳು ಕಂಡಿತು, ಆಮೇಲೆ ಬೆರಳಿನ ಉಂಗುರ. ಮನೆಗೆ ಕಳಿಸುವಾಗ ಡಾಕ್ಟರು, ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ, ನಿಧಾನಕ್ಕೆ ನೋಡೋಣ ಎಂದರು. ನಾವು ಇಟ್ಟುಕೊಳ್ಳುವುದಿಲ್ಲ ಎಂದು ಸುಳ್ಳು ಹೇಳಿದೆವು.

ಮನೆಗೆ ಬಂದ ಮೇಲೆ ಅತ್ತೆ ಹುಳದ ಮನೆಯ ಬಾಗಿಲಿಗೆ ಇನ್ನೊಂದು ಬೋಗುಣಿ ಇಡಿಸಿದರು. ಇದು ಒಳಗಿನಿಂದ ಹೊರಗೆ ಬರುವವರಿಗೆ. ಬ್ಲೀಚಿಂಗ್ ಅಲ್ಲ, ಒಳ್ಳೆಯ ನೀರು, ಪಕ್ಕದಲ್ಲಿ ಸೋಪು. ಅತ್ತೆಯನ್ನು ಒಳಗೆ ಬಿಡುವುದನ್ನು ನಾನು ನಿಲ್ಲಿಸಿದೆ. ಡಾಕ್ಟರು ಸರಿ ಎನ್ನುವವರೆಗೂ ಬರಬಾರದು ಎಂದೆ. ಅವರು ಅಂಗಳದ ಆ ತುದಿಯಲ್ಲಿ, ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಹೊಸ ಕನ್ನಡಕ ಬಂತು. ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳನ್ನು ಅರ್ಧದವರೆಗೆ ಓದಿದರು. ಆದರೆ ನಮ್ಮ ಮನೆಯಲ್ಲಿ ಯಾರೂ ಗೋಡೆಯ ಮೇಲಿನ ಅಕ್ಷರ ಓದಿ ಬದುಕುವುದಿಲ್ಲ. ಅವರಿಗೆ ನಿಜವಾಗಿ ಎಷ್ಟು ಕಾಣುತ್ತದೆ ಎನ್ನುವುದು ನಮಗೆ ಗೊತ್ತಿರಲಿಲ್ಲ. ಕೇಳಿದರೆ "ಕಾಣ್ತೈತೆ, ಹೋಗು" ಎನ್ನುತ್ತಿದ್ದರು, ಕಾಣದಿದ್ದಾಗಲೂ ಅದನ್ನೇ ಹೇಳಿದ್ದವರು.

ಮುಂದಿನ ಬೆಳೆಯ ಹುಳ ಹಣ್ಣಾಗುವ ದಿನ ನಾನು ಶಾಲೆಯಿಂದ ಓಡೋಡಿ ಬಂದೆ. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ಹುಳದ ಮನೆಯ ಬಾಗಿಲಿಗೆ ಹೋಗಿ ಮೊದಲ ಬೋಗುಣಿಗೆ ಕೈ ಅದ್ದುವಷ್ಟರಲ್ಲಿ ಹೊಂಗೆ ಮರದ ಕೆಳಗಿನಿಂದ ದನಿ ಬಂತು.

"ನಿಂತ್ಕೊಳಮ್ಮ. ಪೌಡ್ರು ಐತೆ. ಒಳಕ್ಕೋಗ್ಬೇಡ."

ನಾನು ಕೈ ಅದ್ದಲಿಲ್ಲ. ಗಾಳಿ ಮರದ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು, ವಾಸನೆ ಅವರಿಗೆ ಮುಟ್ಟುವಂತಿರಲಿಲ್ಲ. ಆದರೂ ಅವರ ಮೂಗಿನ ವಿಷಯದಲ್ಲಿ ಏನೂ ಹೇಳುವ ಹಾಗಿಲ್ಲ, ಕಣ್ಣು ಮುಚ್ಚಿ ಶಿಡ್ಲಘಟ್ಟ ಕಂಡುಹಿಡಿದ ಮೂಗು.

"ವಾಸನೆ ಬಂತಾ ಅತ್ತೆ?"

"ವಾಸನೆ ಯಾರಿಗ್ ಬೇಕು? ಎಡಗಡೆ ಕಿವಿ ಕೆಳಗೆ ಬೆಳ್ಳಗೆ ಕಾಣ್ತೈತೆ, ಮುಟ್ಟಿ ನೋಡ್ಕೊ."

ಮುಟ್ಟಿ ನೋಡಿಕೊಂಡೆ. ಬೆರಳಿನ ತುದಿ ಬೆಳ್ಳಗಾಯಿತು. ಅಷ್ಟು ದೂರದಿಂದ ನನ್ನ ಗಂಡನಿಗೆ ನಾನು ಹೊಸ ಓಲೆ ಹಾಕಿಕೊಂಡರೂ ಕಾಣುವುದಿಲ್ಲ. ನನಗೆ ಅಳು ಬಂತು, ತಡೆಯಲಾಗಲಿಲ್ಲ. ಬಾಗಿಲಲ್ಲೇ ನಿಂತು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟೆ. ಕಣ್ಣೊರೆಸಿಕೊಳ್ಳಲು ಕೈ ಎತ್ತಿದೆ.

"ಏಯ್, ಆ ಕೈಯಲ್ಲಿ ಕಣ್ಣು ಮುಟ್ಬೇಡ!" ಎಂದು ಅವರು ಕುರ್ಚಿಯಿಂದ ಎದ್ದೇ ನಿಂತರು. "ಮೊದ್ಲು ಕೈ ತೊಳ್ಕೊ. ಆ ಬೋಗುಣಿ ಅಲ್ಲ, ಸೋಪಿರೋದು."

ನಾನು ಎರಡನೇ ಬೋಗುಣಿಯ ಹತ್ತಿರ ಹೋಗಿ, ಬೆರಳ ಸಂದಿಯನ್ನೂ ಬಿಡದೆ ಕೈ ತೊಳೆದುಕೊಂಡು, ಆಮೇಲೆ ಉಳಿದಿದ್ದನ್ನು ಅತ್ತು ಮುಗಿಸಿದೆ.